ಖಾಲಿ ಚೀಲದ ದಿನ

ಬೆಳಗಾವಿಯ ಆಸ್ಪತ್ರೆಯಿಂದ ಮೂಡಲಗಿಯ ಮನೆಗೆ ಬಂದ ಮರುದಿನ ಬೆಳಿಗ್ಗೆ ನಮ್ಮ ಅತ್ತೆ ತನ್ನ ಕೊರಳಿನ ಲಿಂಗವನ್ನು, ಅದನ್ನಿಡುವ ಬೆಳ್ಳಿಯ ಕರಡಿಗೆ ಮತ್ತು ಕೊರಳಿಗೆ ಕಟ್ಟುವ ಶಿವದಾರದ ಸಮೇತ ತೆಗೆದು ನನ್ನ ಕೈಯಲ್ಲಿಟ್ಟಳು. ಒಲೆಯ ಮೇಲೆ ಚಹಾ ಉಕ್ಕಲು ಬಂದಿತ್ತು. ಒಂದು ಕೈಯಲ್ಲಿ ಇಕ್ಕಳ, ಒಂದು ಕೈಯಲ್ಲಿ ಆಕೆಯ ಲಿಂಗ ಹಿಡಿದುಕೊಂಡು ನಾನು ನಿಂತೇ ಇದ್ದೆ. ಚಹಾ ಉಕ್ಕಿ ಒಲೆಯ ತುಂಬ ಹರಿಯಿತು.

"ಇದನ್ನ ನಿನ್ನ ಕಡೆ ಇಟ್ಕೋ. ಈ ಮೈಗೆ ಇನ್ನ ಇದು ಬ್ಯಾಡ" ಅಂದಳು.

ನಮ್ಮಂಥ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಾವು ಲಿಂಗಾಯತರು. ಕೂಸಾಗಿದ್ದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವಾಗಲೂ ಮೈಮೇಲೆಯೇ ಇರಬೇಕು. ದಿನಾ ಬೆಳಿಗ್ಗೆ ಜಳಕ ಮಾಡಿ, ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಈಗ ಎಲ್ಲರೂ ಹಾಗಿಲ್ಲ, ನಾನೂ ಹಾಗಿಲ್ಲ. ನನಗೆ ಎದ್ದ ಕೂಡಲೇ ಚಹಾ ಬೇಕು. ಅತ್ತೆ ಮಾತ್ರ ಜ್ವರವಿರಲಿ, ಕಬ್ಬಿನ ಕಟಾವಿರಲಿ, ಮಗನ ಮದುವೆಯ ಗದ್ದಲವಿರಲಿ, ಪೂಜೆಗೆ ಮೊದಲು ಒಂದು ಗುಟುಕು ನೀರು ಕುಡಿದವಳಲ್ಲ. ಆಪರೇಷನ್ನಿಗೆ ಒಯ್ಯುವಾಗ ಬಳೆ, ಬೆಂಡೋಲೆ, ಮೂಗುತಿ ಎಲ್ಲವನ್ನೂ ತೆಪ್ಪಗೆ ಬಿಚ್ಚಿಕೊಟ್ಟವಳು, ಸಿಸ್ಟರಮ್ಮ ಲಿಂಗದ ಹತ್ತಿರ ಕೈ ತಂದಾಗ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದಳು. ಕಡೆಗೆ ಡಾಕ್ಟರೇ ಸೋತು, ಬಟ್ಟೆಯಲ್ಲಿ ಸುತ್ತಿ ಆಕೆಯ ರಟ್ಟೆಗೆ ಕಟ್ಟಿಸಿ ಒಳಗೆ ಕರೆದೊಯ್ದರು. ಸಾಯುವ ಹೊತ್ತಿನಲ್ಲಿ ಬಿಡದ ಲಿಂಗವನ್ನು ಬದುಕಿ ಮನೆಗೆ ಬಂದ ಮೇಲೆ ಬಿಟ್ಟುಕೊಟ್ಟಳು. ಆ ಬೆಳಿಗ್ಗೆ ನನಗೆ ಆದ ಸಂಕಟ ಆಸ್ಪತ್ರೆಯಲ್ಲಿಯೂ ಆಗಿರಲಿಲ್ಲ.

ಆಕೆ ನನಗೆ ಎರಡೂ ಕಡೆಯಿಂದ ಅತ್ತೆ. ನನ್ನ ಅಪ್ಪನ ಅಕ್ಕ, ನನ್ನ ಗಂಡನ ತಾಯಿ. ನನ್ನ ತವರು ಹುಕ್ಕೇರಿ, ಆಕೆಯ ತವರೂ ಅದೇ ಮನೆ. ಸಣ್ಣವಳಿದ್ದಾಗ "ಏ ಅತ್ತೀ, ಬಾ ಇಲ್ಲೆ" ಅನ್ನುತ್ತಿದ್ದ ನಾನು ಮದುವೆಯಾದ ಮೇಲೆ "ಬರ್ರಿ ಅತ್ತೀ" ಅನ್ನಲು ಕಲಿತೆ. ಸಿಟ್ಟು ಬಂದಾಗ ಮಾತ್ರ ಹಳೆಯದೇ ಬಾಯಿಗೆ ಬರುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲಿಯೇ ಇರುತ್ತದೆ. ಆ ಮೂಗೂ ಆಕೆಯ ಕಡೆಯಿಂದಲೇ ಬಂದದ್ದು, ಬೇಕಾದರೆ ಇಬ್ಬರನ್ನೂ ಬಾಜೂಕ್ಕೆ ನಿಲ್ಲಿಸಿ ನೋಡಬಹುದು.

ಆಕೆಗೆ ದೊಡ್ಡ ಕರುಳಿನಲ್ಲಿ ಹುಣ್ಣಾಗಿ ಬಹಳ ವರ್ಷಗಳಾಗಿದ್ದವು. ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಎಂದುಕೊಂಡು ಯಾರಿಗೂ ಹೇಳದೆ, ಖಾರ ಬಿಟ್ಟು ಮಜ್ಜಿಗೆ ಕುಡಿದು ದಿನ ತಳ್ಳಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ ಕುಳಿತಲ್ಲೇ ಉರುಳಿದಳು. ಬೆಳಗಾವಿಯಲ್ಲಿ ದೊಡ್ಡ ಕರುಳನ್ನು ಪೂರ್ತಿ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದರು. ಇಲಿಯಾಸ್ಟಮಿ ಎಂದು ಅದರ ಹೆಸರು. ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಅದು ಹೊರಳಲಿಲ್ಲ. ಇನ್ನು ಮೇಲೆ ತಿಂದದ್ದು ಹೊರಗೆ ಹೋಗುವ ದಾರಿ ಅದೇ, ಕಡೆತನಕ. ಹಿಡಿದುಕೊಳ್ಳುವುದು, ತಡೆದುಕೊಳ್ಳುವುದು ಅಂತ ಇಲ್ಲ. ಅಂಬಲಿಯಂತೆ ತೆಳ್ಳಗೆ, ಹಗಲೂ ರಾತ್ರಿ ಬರುತ್ತಿರುತ್ತದೆ, ಹೊಟ್ಟೆಗೆ ಅಂಟಿಸಿದ ಚೀಲದಲ್ಲಿ ತುಂಬುತ್ತಿರುತ್ತದೆ.

ಲಿಂಗ ಕೈಗೆ ಕೊಟ್ಟ ದಿನ ನಾನು ಸುಮ್ಮನಿರಲಿಲ್ಲ. ಹೊಸದಾಗಿ ಈ ಮನೆಗೆ ಬಂದು, ತಿಂಗಳಿನ ಆ ದಿನಗಳಲ್ಲಿ ದೇವರ ಜಗುಲಿಯಿಂದ ದೂರ ನಿಂತ ನನ್ನನ್ನು ಕೈ ಹಿಡಿದು ಒಳಗೆ ಕರೆದು ಕೂಡಿಸಿ, ಲಿಂಗ ಕಟ್ಟಿದವರಿಗೆ ಮೈಲಿಗೆ ಎಂಬುದೇ ಇಲ್ಲ, ನಮ್ಮ ಶರಣರು ಅದನ್ನೆಲ್ಲ ಎಂದೋ ತೊಳೆದು ಚೆಲ್ಲಿದ್ದಾರೆ ಎಂದು ಹೇಳಿಕೊಟ್ಟವಳು ಇದೇ ಅತ್ತೆ. ಅದನ್ನೇ ಆಕೆಗೆ ತಿರುಗಿಸಿ ಹೇಳಿದೆ. ಆಕೆ ಒಪ್ಪಲಿಲ್ಲ. ಅದು ಬೇರೆ, ಇದು ಬೇರೆ, ಅಂಗೈಯಲ್ಲಿ ಲಿಂಗ ಹಿಡಿದು ತೊಡೆಯ ಮೇಲೆ ಹೇಲಿನ ಚೀಲ ಇಟ್ಟುಕೊಂಡು ಕೂಡುವುದು ಯಾವ ಶಾಸ್ತ್ರದಲ್ಲಿದೆ ತೋರಿಸು ಅಂದಳು. ಕರಡಿಗೆಯನ್ನು ಜಗುಲಿಯ ಮೇಲೆ, ಆಕೆ ಹಣೆಗೆ ಹಚ್ಚುವ ಇಬತ್ತಿಯ ಬಟ್ಟಲಿನ ಹತ್ತಿರ ಇಟ್ಟೆ.

ಚೀಲದ ಕೆಲಸವನ್ನು ಬೆಳಗಾವಿಯ ಸಿಸ್ಟರಮ್ಮ ನನಗೆ ತೋರಿಸಿಕೊಟ್ಟಿದ್ದಳು. ಹೊಟ್ಟೆಗೆ ಅಂಟುವುದು ಒಂದು ಪ್ಲೇಟು, ಅದಕ್ಕೆ ಕೂಡಿಸುವುದು ಚೀಲ. ಪ್ಲೇಟಿನ ನಡುವೆ ಕರುಳಿನ ಬಾಯಿಯ ಅಳತೆಗೆ ಕತ್ತರಿಯಿಂದ ತೂತು ತೆಗೆಯಬೇಕು. ತೂತು ದೊಡ್ಡದಾದರೆ ಸುತ್ತಲಿನ ಚರ್ಮಕ್ಕೆ ಬಂದದ್ದೆಲ್ಲ ತಾಗಿ ಸುಡುತ್ತದೆ, ಸಣ್ಣದಾದರೆ ಕರುಳನ್ನೇ ಒತ್ತುತ್ತದೆ. ನಾನು ಬ್ಲೌಸು ಹೊಲಿಯುವವಳು. ನಮ್ಮ ಓಣಿಯ ಅಷ್ಟೂ ಹೆಂಗಸರ ಅಳತೆ ನನ್ನ ತಲೆಯಲ್ಲಿದೆ. ಒಂದು ತೂತಿನದೇನು ಮಹಾ ಎಂದುಕೊಂಡಿದ್ದೆ. ಆದರೆ ಬ್ಲೌಸಿನ ಅಳತೆಗೆ ಬಂದವರು ಸುಮ್ಮನೆ ಕೈ ಎತ್ತಿ ನಿಲ್ಲುತ್ತಾರೆ. ಇದು ನಿಲ್ಲುವುದಿಲ್ಲ. ಅಳತೆ ಹಿಡಿಯುವಷ್ಟರಲ್ಲಿ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ, ನಡುವೆಯೇ ಪಿಚಕ್ಕನೆ ಉಗುಳುತ್ತದೆ. ಆಪರೇಷನ್ನಿನ ಬಾವು ಇಳಿದಂತೆ ದಿನದಿನಕ್ಕೆ ಸಣ್ಣದಾಗುತ್ತಲೂ ಬಂತು. ಮೊದಲ ವಾರದ ಅಳತೆಯಲ್ಲೇ ಕತ್ತರಿಸುತ್ತ ಹೋದ ನನ್ನ ಪ್ಲೇಟುಗಳಿಂದ ಆಕೆಯ ಚರ್ಮ ಕೆಂಪಗೆ ಸುಲಿದುಹೋಯಿತು.

ನಮ್ಮ ಕಡೆ ಮೈಗೆ ಏನೇ ಆದರೂ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ. ಕೂಸಿನ ಕುಂಡಿ ಕೆಂಪಾದರೂ ಅದೇ, ರೊಟ್ಟಿಯ ಹಂಚು ತಾಗಿ ಬೊಕ್ಕೆ ಎದ್ದರೂ ಅದೇ. ಸುಲಿದ ಜಾಗಕ್ಕೆ ಧಾರಾಳವಾಗಿ ಎಣ್ಣೆ ಹಚ್ಚಿ, ಅದರ ಮೇಲೆಯೇ ಪ್ಲೇಟು ಒತ್ತಿ ಕೂಡಿಸಿದೆ. ಎಣ್ಣೆಯ ಮೇಲೆ ಏನು ಅಂಟೀತು ಹೇಳಿ. ಸಂಜೆ ಆಕೆಯನ್ನು ಮಾತಾಡಿಸಲು ದೂರದ ಬೀಗರ ಕಡೆಯವರು ಬಂದು ಪಡಸಾಲೆಯ ತುಂಬ ಕುಳಿತಿದ್ದರು. ಅವರ ಎದುರಿಗೇ ಪ್ಲೇಟು ಜಾರಿತು. ಸೀರೆ, ಚಾಪೆ, ನೆಲ ಎಲ್ಲ ಆಯಿತು. ಬಂದವರು ಮೂಗಿಗೆ ಸೆರಗು ಒಯ್ಯಲೂ ಆಗದೆ, ಬಿಡಲೂ ಆಗದೆ ಕುಳಿತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಅಳಲಿಲ್ಲ. ಒದ್ದೆಯಾದ ನೆರಿಗೆಯನ್ನು ಮುಷ್ಟಿಯಲ್ಲಿ ಒಟ್ಟು ಹಿಡಿದು ಎದ್ದು ನಿಂತು, ಚಹಾ ಕುಡಿಯದೆ ಯಾರೂ ಹೋಗಬಾರದು ಎಂದು ಅವರಿಗೆ ಹೇಳಿ, ನೆಟ್ಟಗೆ ಬಚ್ಚಲಿಗೆ ನಡೆದಳು. ಅರಸನ ಮನೆಯ ಹೆಂಗಸು ನಡೆದ ಹಾಗೆ ನಡೆದಳು. ಆ ನಡಿಗೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಮರುದಿನದಿಂದ ಆಕೆ ಊಟ ಕಡಿಮೆ ಮಾಡಿದಳು. ಲೆಕ್ಕ ಬಹಳ ಸರಳ. ತಿಂದರೆ ಬರುತ್ತದೆ, ತಿನ್ನದಿದ್ದರೆ ಬರುವುದಿಲ್ಲ. ಅರ್ಧ ರೊಟ್ಟಿ, ಆಮೇಲೆ ಕಾಲು ರೊಟ್ಟಿ. ನೀರೂ ಕುಡಿಯುತ್ತಿರಲಿಲ್ಲ. ನಾನು ಕಲಸಿಟ್ಟ ಓಆರ್‌ಎಸ್ ತುಳಸಿಗೆ ಹೋಗುತ್ತಿತ್ತು ಎಂಬುದು ತುಳಸಿ ಬಾಡಿದ ಮೇಲೆ ಗೊತ್ತಾಯಿತು. ಕಣ್ಣು ಒಳಗೆ ಹೋದವು, ತುಟಿ ಒಡೆದವು, ಮೀನಖಂಡ ಹಿಡಿದು ನಡೆಯಲಾಗದೆ ಗೋಡೆ ಹಿಡಿದು ನಿಲ್ಲತೊಡಗಿದಳು. ಘಟಪ್ರಭಾದ ಆಸ್ಪತ್ರೆಗೆ ಕರೆದೊಯ್ದು ಸಲೈನ್ ಏರಿಸಬೇಕಾಯಿತು. ನೀರು, ಉಪ್ಪು ಹೀರಿಕೊಳ್ಳುವುದು ದೊಡ್ಡ ಕರುಳಿನ ಕೆಲಸ, ಅದು ಈಗ ಇಲ್ಲ, ಬೇರೆಯವರಿಗಿಂತ ಹೆಚ್ಚು ಕುಡಿಯಬೇಕು, ಹೀಗೇ ಮಾಡಿದರೆ ಕಿಡ್ನಿ ಹೋಗುತ್ತವೆ ಎಂದು ಅಲ್ಲಿಯ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು.

ತಿರುಗಿ ಬಂದು ಮನೆಯ ಹೊಸ್ತಿಲು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ನನ್ನ ಬಾಯಿಗೆ ಹಳೆಯ ಮಾತೇ ಬಂತು.

"ಅತ್ತೀ, ಸಾಯಬೇಕಂತ ಮಾಡಿದ್ರ ಮೊದಲ ಹೇಳು. ನಿನ್ನ ಹೇಲು ಬಳಿಯಾಕ ನನಗ ಬ್ಯಾಸರ ಇಲ್ಲ. ನಿನ್ನ ಹೆಣ ತೊಳಿಯಾಕ ನನ್ನ ಕಡೆ ಆಗೂದಿಲ್ಲ."

ಸೊಸೆ ಎದುರು ಮಾತಾಡಿದ್ದಕ್ಕೆ ಏನು ಅನ್ನುತ್ತಾಳೋ ಎಂದು ನಾನು ನೋಡುತ್ತ ನಿಂತೆ. ಕತ್ತರಿ ತಾ, ತೂತು ಕತ್ತರಿಸುವುದನ್ನು ನನಗೇ ಕಲಿಸು, ನಿನ್ನ ಕೈಯ ಅಳತೆ ಬ್ಲೌಸಿಗೆ ಮಾತ್ರ ಸರಿ ಅಂದಳು. ಅಂದು ರಾಗಿ ಗಂಜಿಗೆ ಉಪ್ಪು ಹಾಕಿಸಿಕೊಂಡು ಒಂದು ಬಟ್ಟಲು ಪೂರ್ತಿ ಕುಡಿದಳು.

ಆಮೇಲಿನದನ್ನು ನಾನು ಯಾರಿಗೆ ಬೇಕಾದರೂ ಹೆಮ್ಮೆಯಿಂದ ಹೇಳುತ್ತೇನೆ. ಎಪ್ಪತ್ತರ ಹತ್ತಿರ ಬಂದ ಹೆಂಗಸು, ಆ ಕೆಲಸವನ್ನು ರೊಟ್ಟಿ ಬಡಿಯುವುದನ್ನು ಕಲಿತ ಹಾಗೆ ಕಲಿತಳು, ಒಂದು ಕೆಡಿಸಿ, ಇನ್ನೊಂದು ಕೆಡಿಸಿ, ಮೂರನೆಯದನ್ನು ದುಂಡಗೆ ತೆಗೆದು. ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಯಲ್ಲಿ ಅಳತೆಯ ತೂತು ಕತ್ತರಿಸಿ, ಅದನ್ನು ಹೊಟ್ಟೆಗೆ ಹಿಡಿದು ನೋಡಿ, ಅದು ಸರಿ ಕೂತರೆ ಮಾತ್ರ ಪ್ಲೇಟಿಗೆ ಕತ್ತರಿ ಹಾಕುವುದು ಆಕೆಯದೇ ಉಪಾಯ. ಚರ್ಮವನ್ನು ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಮೆತ್ತನೆಯ ಹಳೆಯ ಧೋತರದ ತುಂಡಿನಿಂದ ಒಣಗಿಸಿ, ಸಿಸ್ಟರಮ್ಮ ಹೇಳಿದ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಜಾಡಿಸಿ, ಪ್ಲೇಟನ್ನು ಅಂಗೈಗಳ ನಡುವೆ ಬೆಚ್ಚಗೆ ಮಾಡಿ ಅಂಟಿಸಿ, ಅದರ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದಳು. ಎಣ್ಣೆಯ ಬಾಟಲಿಯನ್ನು ಬಚ್ಚಲಿನಿಂದಲೇ ಗಡೀಪಾರು ಮಾಡಿದಳು.

ಎಲ್ಲಕ್ಕಿಂತ ದೊಡ್ಡದು ಹೊತ್ತು ಹಿಡಿದದ್ದು. ನಾನು ಊಟದ ನಂತರ ಪ್ಲೇಟು ಬದಲಿಸಲು ಹೋಗಿ ಪ್ರತಿ ಸಲ ಕೈಯೆಲ್ಲ ಮಾಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ, ಬಾಯಿಗೆ ಏನೂ ಹಾಕದಿರುವಾಗ, ಅದು ಎಷ್ಟೋ ಹೊತ್ತು ಸುಮ್ಮನಿರುತ್ತದೆ ಎಂದು ಕಂಡುಕೊಂಡವಳು ಆಕೆ. ಹುಟ್ಟಿದಾಗಿನಿಂದ ಬೆಳಗಿನ ಖಾಲಿ ಹೊಟ್ಟೆ ಆಕೆಗೆ ರೂಢಿಯೇ. ಪೂಜೆಗಾಗಿ ಕಾದಿಟ್ಟುಕೊಂಡಿದ್ದ ಆ ಹೊತ್ತನ್ನು ಈಗ ಚೀಲಕ್ಕೆ ಕೊಟ್ಟಳು. ಜಳಕ ಮಾಡಿ, ಪ್ಲೇಟು ಬದಲಿಸಿ, ಒಣಗಿದ ಸೀರೆ ಉಟ್ಟು, ಜಗುಲಿಯ ಮುಂದೆ ಬಂದು ಒಂದು ಗಳಿಗೆ ನಿಲ್ಲುತ್ತಿದ್ದಳು. ಕರಡಿಗೆಯ ಕಡೆ ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು, ಪೂಜೆಯಿಲ್ಲದ ಚಹಾವನ್ನು ಔಷಧ ಕುಡಿದ ಹಾಗೆ ಕುಡಿಯುತ್ತಿದ್ದಳು. ನಾನು ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದೆ. ಆ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಬಾಯಿಯ ಜೋರು ಮಾತ್ರ ತಿರುಗಿ ಬಂತು. ಒಂದು ದಿನ ಓಣಿಯ ಹೆಂಗಸರು ಕುಳಿತಿದ್ದಾಗ ಹೊಟ್ಟೆಯಿಂದ ದೊಡ್ಡ ಸದ್ದು ಬಂತು. ಎಲ್ಲರೂ ಗಂಟಲು ಸರಿಮಾಡಿಕೊಂಡರು. ಅತ್ತೆ ಸೆರಗು ಸರಿಪಡಿಸಿಕೊಂಡು, ಇವಳು ನನ್ನ ಎರಡನೇ ಸೊಸಿ, ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತ ಎಷ್ಟು ಹೇಳಿದರೂ ತಿಳಿಯುವುದಿಲ್ಲ, ಮೊದಲನೆಯವಳನ್ನು ನೋಡಿ ಕಲಿತಿದ್ದಾಳೆ ಅಂದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮುಖ ಊದಿಸಿಕೊಂಡೆ, ಆಮೇಲೆ ನಾನೂ ನಕ್ಕೆ. ಅಂದಿನಿಂದ ಆ ಕರುಳಿನ ಬಾಯಿ ಮನೆಯಲ್ಲಿ ಸಣ್ಣ ಸೊಸಿ. ನನಗೆ ನೆಗೆಣ್ಣಿ, ಅಂದರೆ ವಾರಗಿತ್ತಿ. ಸಣ್ಣ ಸೊಸಿಗೆ ಬದನೇಕಾಯಿ ಸೇರುವುದಿಲ್ಲ, ಬಾಳೆಹಣ್ಣು, ಮೊಸರನ್ನ ಕೊಟ್ಟರೆ ಗಟ್ಟಿಯಾಗಿ ಕೂಡುತ್ತಾಳೆ ಎಂದೆಲ್ಲ ಆಕೆಯೇ ಬಂದವರಿಗೆ ಹೇಳುತ್ತಿದ್ದಳು.

ಲಂಗದ ಲಾಡಿ ಸರಿಯಾಗಿ ಕರುಳಿನ ಬಾಯಿಯ ಮೇಲೆಯೇ ಬಂದು ಬಿಗಿಯುತ್ತಿತ್ತು. ನಾನು ಲಾಡಿಯನ್ನು ತೆಗೆದುಹಾಕಿ, ಅಗಲವಾದ ಪಟ್ಟಿ ಇಟ್ಟು, ಹೊಟ್ಟೆಯ ಮೇಲುಗಡೆ ಕೂಡುವ ಲಂಗ ಹೊಲಿದೆ. ಬಲಗಡೆ ಒಳಗೊಂದು ಕಿಸೆ. ಚೀಲ ತುಂಬಿದಂತೆ ಜೋತಾಡುವುದು ನಿಂತಿತು, ಮೈಗೆ ತಾಗಿ ಬೆವರುವುದೂ ನಿಂತಿತು. ಅತ್ತೆ ಅದನ್ನು ಹಾಕಿಕೊಂಡು ಪಡಸಾಲೆಯಲ್ಲಿ ಆಚೆ ಈಚೆ ನಡೆದು ನೋಡಿದಳು. ಕೂತು ನೋಡಿದಳು, ಬಗ್ಗಿ ನೋಡಿದಳು. ಎಲ್ಲ ಮುಗಿದ ಮೇಲೆ ಹೊಲಿಗೆಯಲ್ಲಿ ಒಂದು ತಪ್ಪು ಹುಡುಕಿ ತೆಗೆದಳು. ಆಕೆ ಹೊಗಳುವುದು ಹಾಗೆಯೇ.

ಆ ಲಂಗ ಹಾಕಿಕೊಂಡೇ ಮೇಲವಂಕಿಯ ನಮ್ಮ ತೋಟಕ್ಕೂ ಹೋದಳು. ಕೆಲಸಕ್ಕೆ ಬಂದವರಿಗೆ ಊಟ ಬಡಿಸಿದಳು. ಚೀಲ ಮೂರನೆಯ ಒಂದು ಭಾಗ ತುಂಬಿದ ಕೂಡಲೇ, ಯಾರ ಜೊತೆ ಮಾತಾಡುತ್ತಿದ್ದರೂ ಎದ್ದು ಹೋಗಿ, ಖಾಲಿ ಮಾಡಿ, ತೊಳೆದುಕೊಂಡು ಬಂದು ಅದೇ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಎಲ್ಲ ಸರಿಹೋಯಿತು ಎಂದು ನಮ್ಮವರು, ಅಂದರೆ ಆಕೆಯ ಮಗ, ಖುಷಿಯಾಗಿದ್ದರು. ಅವರಿಗೆ ಗೊಬ್ಬರದ ಅಂಗಡಿ, ಬೆಳಿಗ್ಗೆ ಬೇಗ ಹೋಗುತ್ತಾರೆ. ಜಗುಲಿಯ ಮುಂದೆ ತಾಯಿ ಕೈಕಟ್ಟಿ ನಿಲ್ಲುವುದನ್ನು ಅವರು ನೋಡಿದವರಲ್ಲ.

ಆಗ ಬಂದರು ನನ್ನ ಅಪ್ಪ. ಹುಕ್ಕೇರಿಯಿಂದ ಹೊರಟು ಗೋಕಾಕದಲ್ಲಿ ಬಸ್ಸು ಬದಲಿಸುವಾಗ, ಅಕ್ಕನಿಗಾಗಿ ಕರದಂಟು ಕೊಂಡು ತಂದಿದ್ದರು. ಗೋಕಾಕಕ್ಕೆ ಹೋಗಿ ಕರದಂಟು ಇಲ್ಲದೆ ಬಂದರೆ ನಮ್ಮಲ್ಲಿ ಅದು ಬರುವಿಕೆಯೇ ಅಲ್ಲ. ಅದರ ಮೇಲೆ, ಬಾಣಂತಿಗೆ ಕೊಡುವುದು, ಬಿದ್ದು ಎದ್ದವರಿಗೆ ಕೊಡುವುದು, ಸೊಂಟ ಗಟ್ಟಿಯಾಗಲಿ ಎಂದು ಕೊಡುವುದು ಎಲ್ಲ ಅದೇ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ. ತಿಂದರೆ ಮೈಗೆ ಹತ್ತುತ್ತದೆ ಎಂಬುದರಲ್ಲಿ ನಮಗೆ ಯಾರಿಗೂ ಸಂಶಯವಿಲ್ಲ. ಅಕ್ಕ ಸೊರಗಿದ್ದನ್ನು ನೋಡಿ ಅಪ್ಪನ ಕಣ್ಣು ತುಂಬಿತು. ತಾವೇ ಮುರಿದು ಮುರಿದು ಕೊಟ್ಟರು. ತಮ್ಮ ತಂದದ್ದು, ತವರಿನದು ಎಂದು ಆಕೆಯೂ ತಿಂದಳು. ಹಲ್ಲು ಅಷ್ಟು ಗಟ್ಟಿ ಇಲ್ಲ, ಅಗಿಯುವುದಕ್ಕಿಂತ ನುಂಗಿದ್ದೇ ಹೆಚ್ಚು. ನಾನು ಗಿರಾಕಿಯೊಬ್ಬಳ ಬ್ಲೌಸಿನ ತೋಳು ಬಿಚ್ಚುತ್ತ ಬಾಗಿಲಲ್ಲೇ ಕುಳಿತಿದ್ದೆ. ನನಗೂ ಒಂದು ತುಂಡು ಬಂತು, ನಾನೂ ತಿಂದೆ.

ಮರುದಿನ ಬೆಳಿಗ್ಗೆ ಚೀಲ ಖಾಲಿ ಇತ್ತು.

ಪೂರ್ತಿ ಖಾಲಿ. ಆಪರೇಷನ್ ಆದಾಗಿನಿಂದ ಹಾಗೆ ಆಗಿರಲಿಲ್ಲ. ಅತ್ತೆ ಬಚ್ಚಲಿನಿಂದ ಹೊರಗೆ ಬಂದಾಗ ಮುಖ ಬೆಳಗುತ್ತಿತ್ತು. ತವರಿನ ಕರದಂಟು ತಿಂದು ಸಣ್ಣ ಸೊಸಿಗೂ ಬುದ್ಧಿ ಬಂದಿದೆ, ಇವತ್ತು ಗಪ್ಪಾಗಿದ್ದಾಳೆ ಎಂದು ನನ್ನ ಅಪ್ಪನಿಗೆ ಹೇಳಿದಳು. ತಲೆಯ ಮೇಲಿಂದ ನೀರು ಹಾಕಿಕೊಂಡಳು. ಹೊಸ ಪ್ಲೇಟು, ಹೊಸ ಚೀಲ ಹಾಕಿಕೊಂಡಳು. ಮದುವೆ ಮುಂಜಿಗೆ ತೆಗೆಯುವ ಇಳಕಲ್ ಸೀರೆ ಉಟ್ಟಳು. ಜಗುಲಿಯ ಮುಂದೆ ಬಂದವಳು ಅಂದು ನಿಂತು ನೋಡಿ ಹೋಗಲಿಲ್ಲ. ಮಣೆ ಹಾಕಿಕೊಂಡು ಕುಳಿತಳು.

"ಲಿಂಗ ಕೊಡು. ಇವತ್ತ ಮೈ ಸ್ವಚ್ಛ ಐತಿ" ಅಂದಳು.

ಕರಡಿಗೆ ತೆಗೆದು ಕೊಟ್ಟೆ. ಹೂವು ತರಲು ಹಿತ್ತಲಿಗೆ ಓಡಿದೆ, ಓಡುತ್ತಲೇ ಕಣ್ಣೀರು ಸುರಿಸಿದೆ. ಅದು ಖುಷಿಯ ಕಣ್ಣೀರು. ಏನೂ ತಿಳಿಯದ ದಡ್ಡಿ ನಾನು. ಖಾಲಿ ಚೀಲ ಅಂದರೆ ಏನು ಎಂದು ಬೆಳಗಾವಿಯಲ್ಲಿ ಹೇಳಿ ಕಳಿಸಿದ್ದರು. ಮನೆಯವರೆಲ್ಲ ಆ ಬೆಳಿಗ್ಗೆ ಅದನ್ನು ಮರೆತು ಹಬ್ಬ ಮಾಡುತ್ತಿದ್ದೆವು.

ಹೂವು ತಂದು ಮುಂದಿಟ್ಟಾಗ ಅತ್ತೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದು, ಇಬತ್ತಿ ಹಚ್ಚಿದ್ದಳು. ಹೂವಿಗೆ ಚಾಚಿದ ಕೈ ಅರ್ಧದಲ್ಲಿ ನಿಂತಿತು. ಹಣೆಯ ಮೇಲೆ ಬೆವರು ಒಡೆಯಿತು. ಆಕೆ ಹಾಗೆಯೇ ಮುಂದಕ್ಕೆ ಬಗ್ಗಿದಳು. ಎಡ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು, ಲಿಂಗ ಅದರೊಳಗಿತ್ತು. ಹೊಟ್ಟೆ ಮುಟ್ಟಿ ನೋಡಿದರೆ ಹಲಗೆಯ ಹಾಗೆ ಬಿಗಿದಿತ್ತು. ಸೀರೆ ಸರಿಸಿ ನೋಡಿದೆ. ಕರುಳಿನ ಬಾಯಿ ಊದಿಕೊಂಡು, ಬಣ್ಣ ಕಪ್ಪಿಟ್ಟಿತ್ತು. ಚೀಲ ಮಾತ್ರ ಅಂಗಡಿಯಿಂದ ತಂದ ಹಾಗೆಯೇ ಇತ್ತು.

ನಮ್ಮವರು ಅಂಗಡಿಯ ಗಾಡಿ ತಂದರು. ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಘಟಪ್ರಭಾ ಮುಟ್ಟುವಷ್ಟರಲ್ಲಿ ಆಕೆ ಮೂರು ಸಲ ವಾಂತಿ ಮಾಡಿಕೊಂಡಿದ್ದಳು. ಡಾಕ್ಟರು ಮೊದಲು ಕೇಳಿದ್ದು, ನಿನ್ನೆ ಏನು ತಿಂದರು ಎಂದು. ಅಪ್ಪ ಹೇಳಿದರು. ಡಾಕ್ಟರು ಬೈಯಲಿಲ್ಲ, ಅದಕ್ಕೇ ಇನ್ನಷ್ಟು ಭಯವಾಯಿತು. ಕೊಬ್ಬರಿ, ಅಂಟು ಎಲ್ಲ ಸೇರಿ ಕರುಳಿನ ಬಾಯಿಯ ಹತ್ತಿರ ಗಂಟು ಬಿದ್ದಿದೆ, ಸಲೈನ್ ಹಾಕಿ, ಮೂಗಿನಿಂದ ನಳಿಗೆ ಇಳಿಸಿ ನೋಡೋಣ, ಮಧ್ಯಾಹ್ನದೊಳಗೆ ಬಿಡದಿದ್ದರೆ ಬೆಳಗಾವಿಗೆ ಒಯ್ದು ಮತ್ತೆ ಹೊಟ್ಟೆ ಕೊಯ್ಯಬೇಕು, ಈ ಮೈ ಇನ್ನೊಂದು ಆಪರೇಷನ್ ತಾಳುತ್ತದೆ ಎಂದು ನಾನು ಹೇಳಲಾರೆ ಅಂದರು.

ವರಾಂಡದಲ್ಲಿ ಅಪ್ಪನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ಅವರು ತಲೆ ಎತ್ತಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆತನಕ್ಕೆ ಎರಡೂ ಗೊತ್ತಿಲ್ಲ.

ಒಳಗೆ ಹೋದಾಗ ಅತ್ತೆ ಮುಷ್ಟಿ ಬಿಚ್ಚಿದಳು. ಸಲೈನ್ ಸೂಜಿ ಚುಚ್ಚುವಾಗಲೂ ಕೈ ಬದಲಿಸಿ ಹಿಡಿದೇ ಇದ್ದವಳು, ಈಗ ಲಿಂಗವನ್ನು ನನ್ನ ಕಡೆ ಚಾಚಿದಳು.

"ಮುಟ್ಟಬಾರದಿತ್ತು. ಮುಟ್ಟಿದ್ನಿ, ನೋಡು ಏನಾತು. ಒಯ್ದು ಇಡು ಇದನ್ನ."

ಅದನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೆ. ದೇವರ ಮೇಲೆಯೂ ಸಿಟ್ಟು ಬಂತು. ಇಷ್ಟು ದಿನ ಆಕೆ ಮಾಡಿದ ಪೂಜೆಗೆ ಇದೇನು ಪಗಾರ ಅನ್ನಿಸಿತು. ಡಾಕ್ಟರು ಮತ್ತೆ ಬಂದಾಗ ಆಕೆಗೇ ಕೇಳಿಸುವಂತೆ ಗಟ್ಟಿಯಾಗಿ ಕೇಳಿದೆ, ಪೂಜೆಗೆ ಕುಳಿತದ್ದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ ಎಂದು. ಅವರು ಬಂದು ಅತ್ತೆಯ ಮಂಚದ ಮೇಲೆ ಕುಳಿತರು.

"ಅಮ್ಮಾರ, ನಿಮ್ಮ ಚೀಲ ತುಂಬಾಕತ್ತೈತಿ ಅಂದ್ರ ನೀವು ಬದುಕಾಕತ್ತೀರಿ ಅಂತ ಅರ್ಥ. ಇವತ್ತ ಬೆಳಿಗ್ಗೆ ಅದು ಖಾಲಿ ಇತ್ತಲ್ರಿ, ಅದಽ ಸಾವು ಬಂದದ್ದು. ಪೂಜಿ ಅಲ್ಲ."

ಅತ್ತೆ ಕಣ್ಣು ಮುಚ್ಚಿಕೊಂಡಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಅಲ್ಲಿಯ ಸಿಸ್ಟರಮ್ಮ ಆಕೆಯನ್ನು ಮಗ್ಗುಲಾಗಿಸಿ, ಮೊಣಕಾಲು ಎದೆಗೆ ಒತ್ತಿಸಿ, ಕರುಳಿನ ಬಾಯಿಯ ಸುತ್ತ ಹೇಗೆ ತೀಡಬೇಕು ಎಂದು ನನಗೆ ತೋರಿಸಿ ಹೋದಳು. ನಾನು ತೀಡುತ್ತ ಕುಳಿತೆ. ಮೆಲ್ಲಗೆ, ಸುತ್ತಲೂ, ಕೂಸಿನ ಹೊಟ್ಟೆ ತೀಡಿದ ಹಾಗೆ. ಬಾಯಿ ಸುಮ್ಮನಿರದೆ ನೆಗೆಣ್ಣಿಯನ್ನು ಬೈದೆ, ರಮಿಸಿದೆ, ಇಷ್ಟು ದಿನ ಬಾಯಿ ಮುಚ್ಚು ಅಂದಾಗ ಮುಚ್ಚಲಿಲ್ಲ, ಈಗ ತೆಗೆ ಅಂದರೆ ತೆಗೆಯುತ್ತಿಲ್ಲ ಎಂದು ಜಗಳಾಡಿದೆ. ಬಾಜೂ ಮಂಚದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಹೊರಗೆ ರೈಲು ಬಂತು, ಹೋಯಿತು. ಡಾಕ್ಟರು ಬಾಗಿಲಲ್ಲಿ ಬಂದು, ನಮ್ಮವರನ್ನು ಕರೆದು, ಬೆಳಗಾವಿಗೆ ಗಾಡಿಯ ಮಾತು ಆಡತೊಡಗಿದರು.

ಆಗ ನನ್ನ ಬೆರಳ ಕೆಳಗೆ ಏನೋ ಹೊರಳಿತು. ಗುಳುಗುಳು ಎಂದು ಸದ್ದು ಬಂತು. ಮೊದಲು ಬರೀ ನೀರು, ಆಮೇಲೆ ಒಮ್ಮೆಲೇ ಎಲ್ಲ. ಕೊಬ್ಬರಿಯ ಚೂರುಗಳು, ಜಿಗುಟಾದ ಅಂಟಿನ ಗಂಟು. ಚೀಲ ನೋಡುನೋಡುತ್ತಿದ್ದಂತೆ ತುಂಬಿಕೊಂಡಿತು. ವಾರ್ಡೆಲ್ಲ ನಾರಿತು. ಅಷ್ಟು ಒಳ್ಳೆಯ ನಾತವನ್ನು ನಾನು ಜನ್ಮದಲ್ಲಿ ಮೂಸಿದವಳಲ್ಲ. ಡಾಕ್ಟರು ಬಾಗಿಲಲ್ಲಿಯೇ ನಕ್ಕುಬಿಟ್ಟರು.

ಅತ್ತೆ ಕಣ್ಣು ತೆರೆದಳು. ತನ್ನ ಬಲಗೈಯನ್ನು ಮೆಲ್ಲಗೆ ತಂದು ಚೀಲದ ಮೇಲೆ ಇಟ್ಟಳು. ಬೀಗರ ಎದುರು ಅಳದವಳು, ಲಿಂಗ ಬಿಚ್ಚಿಕೊಡುವಾಗ ಅಳದವಳು, ಈಗ ಅಳತೊಡಗಿದಳು. ಮೂಗಿನಲ್ಲಿ ನಳಿಗೆ ಇದ್ದುದರಿಂದ ಸದ್ದಿಲ್ಲದೆ ಅತ್ತಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಬಿಸಿ ಐತಿ" ಅಂದಳು.

ನಾನು ಚೀಲ ಖಾಲಿ ಮಾಡಲು ಪಾತ್ರೆ ತಂದೆ. ಆಕೆ ನನ್ನ ಕೈ ತಡೆದು, ಸೆರಗಿನ ಗಂಟಿನ ಕಡೆ ಬೆರಳು ಮಾಡಿದಳು. ನನಗೆ ಅರ್ಥವಾಯಿತು, ಆದರೂ ನಂಬಲಾಗಲಿಲ್ಲ. ಮೊದಲು ಇದನ್ನು ಖಾಲಿ ಮಾಡಿ, ಮೈ ಒರೆಸುತ್ತೇನೆ, ಆಮೇಲೆ ಕೊಡುತ್ತೇನೆ ಅಂದೆ.

"ಬ್ಯಾಡ. ಖಾಲಿ ಇದ್ದಾಗ ಸಾಯಾಕತ್ತಿದ್ನಿ. ತುಂಬಿದಾಗ ಪೂಜಿ ಮಾಡ್ತೀನಿ. ಕೊಡು."

ದಿಂಬು ಆನಿಸಿ ಕೂಡಿಸಿದೆ. ಗಂಟು ಬಿಚ್ಚಿ ಲಿಂಗವನ್ನು ಆಕೆಯ ಎಡ ಅಂಗೈಯಲ್ಲಿಟ್ಟೆ. ಸಲೈನ್ ಹಾಕಿದ ಕೈಯಿಂದಲೇ ಒದ್ದೆ ಹತ್ತಿಯನ್ನು ಹಿಂಡಿ, ಅದರ ಮೇಲೆ ನೀರು ಬಿಟ್ಟುಕೊಂಡಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಜೇಬಿನಿಂದ ಇಬತ್ತಿಯ ತುಂಡು ತೆಗೆದು, ಅಕ್ಕನ ಹತ್ತಿರ ಬರಲು ಹಿಂಜರಿದು, ನನ್ನ ಕೈಗೆ ಕೊಡಲು ಬಂದರು. ಅತ್ತೆ ಅವರನ್ನೇ ಹತ್ತಿರ ಕರೆದು ತೆಗೆದುಕೊಂಡಳು. ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿದ್ದವು. ತೊಡೆಯ ಮೇಲೆ ಚೀಲ ದುಂಡಗೆ ಮಲಗಿತ್ತು, ನಡುವೆ ಒಮ್ಮೆ ದೊಡ್ಡದಾಗಿ ಸದ್ದು ಮಾಡಿತು. ಬಾಜೂ ಮಂಚದವರು ತಿರುಗಿ ನೋಡಿದರು. ಅತ್ತೆ ಕಣ್ಣು ತೆರೆಯಲಿಲ್ಲ.

ಪೂಜೆ ಮುಗಿಸಿ, ಲಿಂಗವನ್ನು ಹಣೆಗೆ ಮುಟ್ಟಿಸಿಕೊಂಡು, ಸೆರಗಿನ ಒಳಗೆ ಕೈ ಹಾಕಿ ಎದೆಗೆ ಒತ್ತಿ ಹಿಡಿದುಕೊಂಡಳು. ಕರಡಿಗೆ ಮನೆಯಲ್ಲೇ ಉಳಿದಿತ್ತು, ಶಿವದಾರವೂ ಅಲ್ಲೇ. ಸಿಸ್ಟರಮ್ಮನಿಂದ ಒಂದು ಮೊಳ ಬ್ಯಾಂಡೇಜು ಪಟ್ಟಿ ಇಸಿದುಕೊಂಡು ಬಾ, ಕೊರಳಿಗೆ ಕಟ್ಟು ಎಂದು ನನಗೆ ಹೇಳಿದಳು. ಬಿಗಿಯಾಗಿ ಗಂಟು ಹಾಕು, ಇನ್ನು ಬಿಚ್ಚುವುದಿಲ್ಲ ಅಂದಳು. ಗಂಟು ಹಾಕಿದೆ. ಎಳೆದು ನೋಡಿ, ಸರಿಯಿದೆ ಎಂದು ತಲೆ ಆಡಿಸಿ, ಆಮೇಲೆ ಪಾತ್ರೆಯ ಕಡೆ ನೋಡಿದಳು.

"ಈಗ ಚೀಲ ಖಾಲಿ ಮಾಡು ಬಾ" ಅಂದಳು.